ಜೈಲಿಗೆ ಹೋದರೆ ಬಿಪಿ, ಶುಗರ್ ಮಾತ್ರೆ ನಿಂತುಹೋಗುತ್ತದೆಯೇ?

"ಜೈಲಿನಲ್ಲಿ ಮಾತ್ರೆ ಕೊಡುವುದಿಲ್ಲ." "ಕಾಯಿಲೆ ಇದ್ದರೆ ಸಾಕು, ಜಾಮೀನು ಸಿಕ್ಕೇ ಸಿಗುತ್ತದೆ." ಇಂತಹ ಮಾತುಗಳನ್ನು ನಾವೆಲ್ಲ ಕೇಳಿರುತ್ತೇವೆ. ಮೂಡಲಗಿ ತಾಲ್ಲೂಕಿನ ನಾಗನೂರದಂತಹ ಊರಿನವರೊಬ್ಬರು ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹ ಸೇರಿದರೆ, ದೂರದಲ್ಲಿರುವ ಮನೆಯವರು ಇವನ್ನೇ ನಂಬಿ ಸುಮ್ಮನಾಗುವ ಅಪಾಯವಿದೆ. ಹಾಗಾಗಿ ನಿಜವೇನು ನೋಡೋಣ.

ಚಿಕಿತ್ಸೆಯ ಹಕ್ಕು ಇದೆಯೇ?
ಇದೆ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಕೈದಿಗೂ ಅನ್ವಯಿಸುತ್ತದೆ. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ ಕೈದಿಗಳಿಗೂ ಸಿಗಬೇಕು ಎಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ಹೇಳುತ್ತವೆ. ಜೈಲಿನಲ್ಲಿ ಆಗದ ಚಿಕಿತ್ಸೆಗೆ ಕಾವಲಿನಲ್ಲಿ ಹೊರಗಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ.

ಮೊದಲ ದಿನಗಳೇ ಏಕೆ ಮುಖ್ಯ?
ಟೈಪ್ 1 ಮಧುಮೇಹದವರಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರಬಹುದು. ಮೂರ್ಛೆರೋಗದ ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಮರುಕಳಿಸಬಹುದು. ಕೆಲವು ಬಿಪಿ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಏಕಾಏಕಿ ಏರುತ್ತದೆ. ಕ್ಷಯದ ಔಷಧಿ ನಡುವೆ ನಿಂತರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು.

ಮನೆಯವರು ಏನು ಮಾಡಬೇಕು?
- ಬಂಧನದ ನಂತರ ನಡೆಯುವ ವೈದ್ಯಕೀಯ ತಪಾಸಣೆಯಲ್ಲೇ ಕಾಯಿಲೆ, ಮಾತ್ರೆ, ಡೋಸ್ ಎಲ್ಲವನ್ನೂ ಹೇಳಿಸಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಅಲ್ಲಿಯೂ ಹೇಳಬಹುದು.
- ವೈದ್ಯರ ಚೀಟಿ, ರಿಪೋರ್ಟ್‌ಗಳ ಜೆರಾಕ್ಸ್ ಅನ್ನು ಜೈಲಿನ ವೈದ್ಯರಿಗೆ ತಲುಪಿಸಿ.
- ಮಾತ್ರೆಯನ್ನು ಕದ್ದುಮುಚ್ಚಿ ಕೈದಿಯ ಕೈಗೆ ಕೊಡಬೇಡಿ. ಅದನ್ನು ಜೈಲಿನ ವೈದ್ಯರ ಮೂಲಕವೇ ಕೊಡಿಸಬೇಕು.
- ಚಿಕಿತ್ಸೆ ಸಿಗದಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಕಸ್ಟಡಿಯಲ್ಲಿರುವವರಿಗೆ, ಆದಾಯ ಎಷ್ಟೇ ಇದ್ದರೂ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ: 15100.

ಕಾಯಿಲೆ ಇದ್ದರೆ ಜಾಮೀನು ಖಚಿತವೇ?
ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನ ಪ್ರಕಾರ ಅನಾರೋಗ್ಯ ಪೀಡಿತರಿಗೆ ನ್ಯಾಯಾಲಯ ಜಾಮೀನು ಕೊಡಬಹುದು, ಕೊಡಲೇಬೇಕೆಂದಿಲ್ಲ. ಕಾಯಿಲೆ ಎಷ್ಟು ಗಂಭೀರ, ಜೈಲಿನಲ್ಲೇ ಚಿಕಿತ್ಸೆ ಸಾಧ್ಯವೇ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ.

ತೀರ್ಮಾನ: ಎರಡೂ ಮಾತು ತಪ್ಪು. ಚಿಕಿತ್ಸೆ ಹಕ್ಕು, ಆದರೆ ಕಾಯಿಲೆಯ ವಿಷಯ ಜೈಲಿನ ವೈದ್ಯರಿಗೆ ಗೊತ್ತಾಗಬೇಕು. ಜಾಮೀನಿನ ಸುದ್ದಿ ಫಾರ್ವರ್ಡ್ ಮಾಡುವ ಮೊದಲು ಮಾತ್ರೆಚೀಟಿ ತಲುಪಿಸಿ.