ಸೂರತ್ ಕೋಟೆ ಮತ್ತು ಕನ್ನಡ ನಾಡಿನಿಂದ ಬಂದ ಕ್ಯಾಮೆರಾ

ತಾಪಿ ನದಿಯ ದಂಡೆಯಲ್ಲಿರುವ ಸೂರತ್ ಕೋಟೆಯನ್ನು ಗುಜರಾತಿನ ಸುಲ್ತಾನ ಮೂರನೆಯ ಮಹಮೂದನ ಆಳ್ವಿಕೆಯಲ್ಲಿ, 1540ರ ದಶಕದಲ್ಲಿ, ಖುದಾವಂದ್ ಖಾನನು ಕಟ್ಟಿಸಿದನು. ಕಡಲ ಮಾರ್ಗವಾಗಿ ಬಂದು ಪಟ್ಟಣವನ್ನು ಸೂರೆಗೊಳ್ಳುತ್ತಿದ್ದ ಪೋರ್ಚುಗೀಸರನ್ನು ತಡೆಯುವುದೇ ಅದರ ಉದ್ದೇಶವಾಗಿತ್ತು. 1573ರಲ್ಲಿ ಅದು ಅಕ್ಬರನಿಗೂ 1759ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ವಶವಾಯಿತು. ವ್ಯಾಪಾರವೆಲ್ಲ ಮುಂಬಯಿಗೆ ಸರಿದ ಬಳಿಕ ಕೋಟೆಗೆ ಕಾಯುವ ಕೆಲಸವೇ ಉಳಿಯಲಿಲ್ಲ. 1862ರಲ್ಲಿ ಸೈನ್ಯ ಹೊರಟಿತು, ಕಚೇರಿಗಳು ಬಂದವು.

ಇಂತಹ ಇಳಿಗಾಲದ ಸೂರತ್ತನ್ನು ಛಾಯಾಚಿತ್ರಗಳೊಡನೆ ಪರಿಚಯಿಸಿದ ಗ್ರಂಥ 1868ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಸೂರತ್, ಭರೂಚ್ ಮೊದಲಾದ ಹಳೆಯ ಪಟ್ಟಣಗಳ ಅವಶೇಷಗಳನ್ನು ಕುರಿತ ಅದರ ಲೇಖಕ ಟಿ. ಸಿ. ಹೋಪ್; ಚಿತ್ರಗಳು ಲಿಂಡ್ಲೆ ಮತ್ತು ವಾರೆನ್ ಅವರವು. ಗುಜರಾತಿ ಶಾಲಾ ಪಾಠಮಾಲೆಗೂ, ತಾಪಿಯ ಮೇಲೆ 1877ರಲ್ಲಿ ಆದ ಸೇತುವೆಗೂ ಹೆಸರು ಕೊಟ್ಟ ಹೋಪ್ ಈತನೇ.

ಆದರೆ ಹೋಪ್‌ಗೆ ಇದು ಮೊದಲ ಪ್ರಯತ್ನವಲ್ಲ. ಆ ಮೊದಲಿನ ಕಥೆ ನಮ್ಮ ನಾಡಿನಿಂದ ಆರಂಭವಾಗುತ್ತದೆ.

ಪುರಾತನ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಯಿಸುವುದಕ್ಕಿಂತ ಛಾಯಾಗ್ರಹಣವೇ ಅಗ್ಗವೂ ನಿಖರವೂ ಎಂದು ಕಂಪನಿಯ ನಿರ್ದೇಶಕರು ಭಾವಿಸಿದ್ದರು. ಅದರಂತೆ 1855ರಲ್ಲಿ ಮುಂಬಯಿ ಸರಕಾರವು ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ನೇಮಿಸಿತು. ಅವನು ಹೊರಟದ್ದು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ! ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ಆಗ ಅವನ ನೆಗೆಟಿವ್. ಬೆಳಕಿಗೆ ಒಡ್ಡಲು ಬಹಳ ಹೊತ್ತು ಬೇಕಾಗುತ್ತಿದ್ದುದರಿಂದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು, ನಡೆದು ಹೋದ ಮನುಷ್ಯ ಮೂಡುತ್ತಿರಲಿಲ್ಲ. ಆ ಚಿತ್ರಗಳಲ್ಲಿ ಊರುಗಳು ನಿರ್ಜನವೆಂದು ತೋರಲು ಇದೂ ಒಂದು ಕಾರಣ, ಅದನ್ನು ನಂಬಬಾರದು. ವರ್ಷ ಮುಗಿಯುವುದರೊಳಗೆ ಸೈನ್ಯ ಬಿಗ್ಸ್‌ನನ್ನು ಹಿಂದಕ್ಕೆ ಕರೆಯಿತು. ಕೆಲಸ ಮುಂದುವರಿಸಿದ ಡಾ. ಪಿಗೌ 1858ರಲ್ಲಿ ತೀರಿಕೊಂಡನು.

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆಯು ಮೂರು ಭಾರಿ ಸಂಪುಟಗಳನ್ನು ಹೊರತಂದಿತು: ಬಿಜಾಪುರ, ಧಾರವಾಡ ಮತ್ತು ಮೈಸೂರು, ಅಹಮದಾಬಾದ್. ಮೂರರಲ್ಲಿಯೂ ಬಿಗ್ಸ್‌ನ ಚಿತ್ರಗಳಿವೆ. ಅಹಮದಾಬಾದ್ ಸಂಪುಟದ 120 ಛಾಯಾಚಿತ್ರಗಳು ಅವನವೇ, ಇತಿಹಾಸ ಹೋಪ್‌ನದು. ಜುಮ್ಮಾ ಮಸೀದಿಯ ಎತ್ತರದ ಮಿನಾರುಗಳು 1819ರ ಭೂಕಂಪದಲ್ಲಿಯೇ ಉರುಳಿದ್ದವು. ಕ್ಯಾಮೆರಾ ಅವುಗಳ ಪಾಲಿಗೆ ತಡವಾಗಿ ಬಂದಿತು.

ನಮಗೆ ವಿಶೇಷವೆನಿಸುವ ಸಂಗತಿ ಇನ್ನೊಂದಿದೆ. ಅಹಮದಾಬಾದ್ ಸಂಪುಟಕ್ಕಷ್ಟೇ ಅಲ್ಲ, ಧಾರವಾಡ–ಮೈಸೂರು ಸಂಪುಟಕ್ಕೂ ಆಶ್ರಯ ನೀಡಿದವನು ಪ್ರೇಮಚಂದ್ ರಾಯಚಂದ್. ಅವನು ಹುಟ್ಟಿದ್ದು ಸೂರತ್ತಿನಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದ ಹತ್ತಿಯ ವ್ಯಾಪಾರದಲ್ಲಿ ಮೇಲೇರಿ, 1865ರ ಷೇರು ಕುಸಿತದಲ್ಲಿ ನೆಲಕಚ್ಚಿದ ಸಾಹುಕಾರ. ಗ್ರಂಥಗಳು ಮಾರನೆಯ ವರ್ಷ ಬೆಳಕು ಕಂಡವು. ಸೂರತ್ತಿನ ವರ್ತಕನ ಹೆಸರು ಹೊತ್ತು ನಮ್ಮ ಗುಡಿಗಳ ಚಿತ್ರಗಳು ಲಂಡನ್ ಸೇರಿದವೆಂಬುದು ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಸೂರತ್ ಮಹಾನಗರಪಾಲಿಕೆಯು ಇತ್ತೀಚಿನ ವರ್ಷಗಳಲ್ಲಿ ಕೋಟೆಯನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವನ್ನಾಗಿಸಿದೆ. ಹೊಸ ಗಾರೆಯ ಗೋಡೆಯೆದುರು ನಿಂತವರಿಗೆ ಯಾವುದು ಹಳೆಯದು, ಯಾವುದು ಸೇರಿಸಿದ್ದು ಎಂಬ ಸಂಶಯ ಬರುವುದು ಸಹಜ. ಅದನ್ನು ಒರೆಗೆ ಹಚ್ಚಲು ಹಳೆಯ ಛಾಯಾಚಿತ್ರಗಳೇ ಬೇಕು. ಅಹಮದಾಬಾದ್, ವಡೋದರಾಗಳಿಂದ ಸೂರತ್ತಿಗೆ ಹೋಗುವ ನಮ್ಮ ಸದಸ್ಯರು ಅರ್ಧ ದಿನವನ್ನು ಕೋಟೆಗೆ ಮೀಸಲಿಡಬೇಕೆಂದು ಕೋರುತ್ತೇವೆ.