ಗೋದಾಮಿನ ಮೂಲೆಯ ಇಂಜಿನ್ನು



ಬೆಳ್ಳಿ ಹಬ್ಬದ ಸಂಚಿಕೆಗೆ ನೀವೂ ನಾಲ್ಕು ಮಾತು ಬರೆಯಬೇಕು ಎಂದು ಅಧ್ಯಕ್ಷರು ಹೇಳಿದಾಗ ನಾನು ಹಿಂದೆ ಮುಂದೆ ನೋಡಿದೆ. ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ನಿಂತವನು ನಾನು. ಸಂಘದ ಷೇರು, ಠೇವಣಿ, ಸಾಲ ವಸೂಲಿ ಬಗ್ಗೆ ಬರೆಯಲು ತಿಳಿದವರು ಬೇರೆ ಇದ್ದಾರೆ. ಆದ್ದರಿಂದ ನಮ್ಮ ಗೋದಾಮಿನ ಮೂಲೆಯಲ್ಲಿ ಗೊಬ್ಬರದ ಚೀಲಗಳ ಹಿಂದೆ ಬಿದ್ದಿದ್ದ ಡೀಸೆಲ್ ಇಂಜಿನ್ನಿನ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಇಂಜಿನ್ನಿನ ಕಥೆ ಎಂದರೆ ನೀರಿನ ಕಥೆ. ನಮ್ಮ ಭಾಗ 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲೂಕು ಆಗ. ಆನೆಗೊಂದಿ ಕಡೆಯವರಿಗೆ ವಿಜಯನಗರದ ಅರಸರ ಕಾಲದಿಂದಲೂ ಕಾಲುವೆ ಉಂಟು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯಿಂದ ಗಂಗಾವತಿ ಸೀಮೆ ಭತ್ತದ ಕಣಜವೇ ಆಯಿತು. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮಂಥವರಿಗೆ ಮೇಲಿನ ಮಳೆ, ಕೆಳಗಿನ ಬಾವಿ ಎರಡೇ ಗತಿ.

ಬಾವಿಯಿಂದ ನೀರೆತ್ತಲು ಮೊದಲು ಕಪಿಲೆ ಇತ್ತು. ಜೋಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆದರೆ ತೊಗಲಿನ ಚೀಲ ಮೇಲೆ ಬಂದು ನೀರು ಸುರಿಯುವುದು. ಎತ್ತು ದಣಿದರೆ ನೀರೂ ನಿಲ್ಲುವುದು. ಮುಂಜಾನೆಯಿಂದ ಸಂಜೆ ತನಕ ಹೊಡೆದರೂ ಹೊಲದ ಒಂದು ಮೂಲೆ ನೆನೆದರೆ ದೊಡ್ಡದು ಎಂದು ನಮ್ಮ ಅಪ್ಪ ಹೇಳುತ್ತಿದ್ದರು.

ಎತ್ತಿನ ಹೆಗಲ ಭಾರವನ್ನು ಇಳಿಸಿದ್ದು ಇಂಜಿನ್ನು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಇದನ್ನು ನಡೆಸಿ ತೋರಿಸಿದ. ಅವನ ಹೆಸರೇ ಎಣ್ಣೆಗೂ ಬಂದಿದೆ. ಇದಕ್ಕೆ ಕಿಡಿ ಬೇಕಿಲ್ಲ. ಗಾಳಿಯನ್ನು ಒತ್ತಿ ಹಿಡಿದರೆ ಅದೇ ಕಾದು, ಒಳಗೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಲಿಸ್ಟರ್ ಕಂಪನಿ 5 ಎಚ್.ಪಿ.ಯ, ನಿಮಿಷಕ್ಕೆ 600 ಸುತ್ತು ತಿರುಗುವ, ಎರಡು ದೊಡ್ಡ ಚಕ್ರದ ಇಂಜಿನ್ನು ತಂದಿತು. ಅದೇ ನಮೂನೆಯನ್ನು ಗುಜರಾತಿನ ರಾಜಕೋಟದಲ್ಲಿ ಎಷ್ಟೋ ಕಾರ್ಖಾನೆಗಳು ತಯಾರಿಸಿದವು. ನಮ್ಮವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನೂ ಇಲ್ಲಿ ನೆನೆಯಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರಂತೆ. ಅದೇ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ಕಟ್ಟಿದರು.

ನಮ್ಮೂರಿಗೆ ಬಂದದ್ದು ಲಿಸ್ಟರ್ ನಮೂನೆಯದು. ಒಬ್ಬರಿಂದ ಆಗುವ ಖರ್ಚಲ್ಲ ಎಂದು ನಾಲ್ಕು ಮನೆಯವರು ಕೂಡಿ ತಂದರು. ಅದರಲ್ಲಿ ನಮ್ಮ ಅಪ್ಪನ ಪಾಲೂ ಇತ್ತು. ಪಾಳಿ ಹಚ್ಚಿ ನೀರು ಬಿಡುವುದು, ಎಣ್ಣೆ ಅವರವರದು, ರಿಪೇರಿ ಖರ್ಚು ನಾಲ್ಕು ಪಾಲು. ನಮ್ಮ ಸಂಘ ಹುಟ್ಟುವ ಮೊದಲೇ ಊರಲ್ಲಿ ಇದ್ದ ಸಹಕಾರ ಅದು ಎಂದರೆ ತಪ್ಪಲ್ಲ. ಇಂಜಿನ್ನಿನ ಡುಗುಡುಗು ಸದ್ದು ಕೇಳಿಯೇ ಇಂದು ಯಾರ ಪಾಳಿ ಎಂದು ಹೆಣ್ಣುಮಕ್ಕಳು ಬುತ್ತಿ ಕಟ್ಟುತ್ತಿದ್ದರು.

ಮತ್ತೆ ಅದು ನಿಂತದ್ದೇಕೆ? ಕೆಟ್ಟು ನಿಂತಿತು ಎಂದೇ ಬಹಳ ಜನರ ತಿಳುವಳಿಕೆ. ಅದು ಸರಿಯಲ್ಲ. ಮೇಲಿಟ್ಟ ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದ ಬಲದಿಂದ. ಲೆಕ್ಕಕ್ಕೆ ಅದು 33 ಅಡಿ, ಕೆಲಸಕ್ಕೆ ಬರುವುದು 25 ಅಡಿ ಆಸುಪಾಸು. ಬಾವಿಯ ನೀರು ಅದಕ್ಕೂ ಕೆಳಗೆ ಹೋದರೆ ಎಂಥ ಗಟ್ಟಿ ಇಂಜಿನ್ನಾದರೂ ಬರೀ ಗಾಳಿ ಎಳೆಯುತ್ತದೆ. ಒಂದೊಂದೇ ಕೊಳವೆಬಾವಿ ಬಿದ್ದವು, ಕರೆಂಟಿನ ಮೋಟಾರು ಬಂದವು, ತೆರೆದ ಬಾವಿ ಒಣಗಿದವು. ಇಂಜಿನ್ನು ಸೋತಿರಲಿಲ್ಲ, ನೀರು ಇಳಿದಿತ್ತು. ಇಡಲು ಬೇರೆ ಜಾಗವಿಲ್ಲದೆ ಅದು ಸಂಘದ ಗೋದಾಮು ಸೇರಿತು.

ಕೆಲ ವರ್ಷದ ಹಿಂದೆ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಬಂತು. ಗೊಬ್ಬರ ಇಳಿಸಲು ಜಾಗ ಸಾಲದು, ಅದನ್ನು ಗುಜರಿಗೆ ತೂಗಿಸೋಣ ಎಂದರು. ನಾನೂ ಹೂಂ ಅಂದವನೇ. ಪಾಲುದಾರರಲ್ಲಿ ಉಳಿದಿದ್ದ ಹಿರಿಯ ಕಾಕಾ ಒಬ್ಬರು ಮಾತ್ರ ಎದ್ದು ನಿಂತು, "ತಮ್ಮಾ, ತೂಗಿಸೂದು ಇದ್ದಽ ಐತಿ. ಒಮ್ಮಿ ಬಿಚ್ಚಿ ನೋಡ್ರಿ. ಸತ್ತೈತೋ ಮಲಗೈತೋ ಗೊತ್ತಾಗ್ಲಿ" ಅಂದರು. ನನಗೆ ನಾಚಿಕೆಯಾಯಿತು. ಅಪ್ಪನ ಪಾಲಿನ ವಸ್ತುವನ್ನು ಬಿಚ್ಚಿ ಸಹ ನೋಡದೆ ಮಾರಲು ಒಪ್ಪಿದ್ದೆನಲ್ಲ ಅನಿಸಿತು.

ಹಳೆಯ ಮಿಸ್ತ್ರಿಯೊಬ್ಬರನ್ನು ಕರೆತಂದೆವು. ಪಿಸ್ಟನ್ನು ಜಾಮ್ ಆಗಿತ್ತು. ಹೊಡೆದು ಬಡಿದು ಮಾಡಬೇಡಿ ಎಂದು ಹೇಳಿ, ಅವರು ಹೆಡ್ಡು ಬಿಚ್ಚಿ ಸೀಮೆಎಣ್ಣೆ, ಡೀಸೆಲ್ ಸೇರಿಸಿ ಸಿಲಿಂಡರಿನಲ್ಲಿ ಸುರಿದು ಎಂಟು ದಿನ ಬಿಟ್ಟರು. ಒಂಬತ್ತನೇ ದಿನ ಕಟ್ಟಿಗೆಯ ದಿಮ್ಮಿ ಇಟ್ಟು ಮೆಲ್ಲಗೆ ತಟ್ಟಿದಾಗ ಬೆರಳಗಲ ಸರಿಯಿತು. ಆಮೇಲೆ ರಿಂಗು ಹೊಸದು ಹಾಕಿದೆವು. ವಾಲ್ವುಗಳನ್ನು ಪೇಸ್ಟು ಹಚ್ಚಿ ತಿರುವಿ ತಿರುವಿ ಕೂಡಿಸಿದೆವು. ನಾಜಲ್ಲು ಎಣ್ಣೆಯನ್ನು ಹನಿಯಾಗಿ ಬಿಡದೆ ಮಂಜಿನಂತೆ ಉಗುಳಬೇಕು. ಅದನ್ನು ಪೇಟೆಗೆ ಒಯ್ದು ಸರಿ ಮಾಡಿಸಿದೆವು. ತಳದ ರಾಡಿ ತೆಗೆದು ಹೊಸ ಆಯಿಲ್ ತುಂಬಿ, ಎಣ್ಣೆ ಕೊಳವೆಯ ಗಾಳಿ ಬಿಟ್ಟೆವು. ಹ್ಯಾಂಡ್ಲು ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ಉಳಿದ ಬೆರಳ ಜೊತೆಗೇ ಇರಬೇಕು, ತಿರುಗಿ ಹೊಡೆದರೆ ಕೈ ಮುರಿಯುತ್ತದೆ ಎಂದು ಮಿಸ್ತ್ರಿ ಹುಡುಗರಿಗೆ ಎರಡೆರಡು ಸಲ ಹೇಳಿದರು. ನಾಲ್ಕನೇ ಸಲಕ್ಕೆ ಕರಿ ಹೊಗೆ ಉಗುಳಿ ಚಾಲೂ ಆಯಿತು. ಸದ್ದು ಕೇಳಿ ಜನ ಗೋದಾಮಿನ ಮುಂದೆ ಕೂಡಿದರು. ಕಾಕಾ ಮಾತಾಡಲಿಲ್ಲ, ಟವೆಲಿನಿಂದ ಕಣ್ಣು ಒರೆಸಿಕೊಂಡರು.

ಚಾಲೂ ಆಯಿತು, ಕೆಲಸ ಏನು? ಬಾವಿಯಲ್ಲಿ ನೀರಿಲ್ಲ. ಇಲ್ಲಿ ಕೃಷಿ ಹೊಂಡ ನೆರವಿಗೆ ಬಂತು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಒಣ ಸೀಮೆಯಲ್ಲಿ ಹೊಲಕ್ಕೊಂದು ಹೊಂಡ ತೋಡುವ ರೂಢಿ ಬೆಳೆದಿದೆ. ಹೊಂಡದ ನೀರು ಹತ್ತು ಹನ್ನೆರಡು ಅಡಿ ಒಳಗೇ ಇರುತ್ತದೆ. ಅಂದರೆ ನೀರು ಮತ್ತೆ ಇಂಜಿನ್ನಿನ ಕೈಗೆ ಸಿಗುವಷ್ಟು ಮೇಲೆ ಬಂದಿದೆ! ಆ ವರ್ಷ ಮೆಕ್ಕೆಜೋಳ ಹೂವಿಗೆ ಬಂದಾಗ ಮಳೆ ಕೈಕೊಟ್ಟಿತು. ಇಂಜಿನ್ನನ್ನು ಗಾಡಿ ಮೇಲೆ ಏರಿಸಿ ಹೊಲದಿಂದ ಹೊಲಕ್ಕೆ ಒಯ್ದೆವು. ತಾಸಿಗೆ ಹೆಚ್ಚು ಕಡಿಮೆ ಒಂದು ಲೀಟರ್ ಡೀಸೆಲ್ಲು. ಹೊಂಡದಲ್ಲಿ ನೀರಿದ್ದವರ ಪೈರು ಉಳಿಯಿತು. ಎಲ್ಲರದೂ ಉಳಿಯಿತು ಎಂದು ನಾನು ಸುಳ್ಳು ಬರೆಯಲಾರೆ.

ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಆಮೇಲೆ ಎಷ್ಟೋ ಊರಲ್ಲಿ ಸಂಘ ಹುಟ್ಟಿದವು, ಕೆಲವು ಬಾಗಿಲು ಹಾಕಿದವು. ಬಾಗಿಲು ಹಾಕಿದ್ದಕ್ಕೆಲ್ಲ ಸಂಘವೇ ಕೆಟ್ಟಿತ್ತು ಎನ್ನಲಾಗದು. ನಿಂತದ್ದನ್ನು ಕಂಡಕೂಡಲೇ ತಕ್ಕಡಿ ತರಬಾರದು, ನೀರು ಎಲ್ಲಿ ಇಳಿದಿದೆ ಎಂದು ಮೊದಲು ನೋಡಬೇಕು. ಈ ಇಂಜಿನ್ನು ನನಗೆ ಕಲಿಸಿದ್ದು ಇಷ್ಟು.

ಈಗ ಅದು ಗೋದಾಮಿನ ಪಡಸಾಲೆಯಲ್ಲಿದೆ. ಬೇಕಾದವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಒಯ್ಯಬಹುದು. ತಂದಿಡುವಾಗ ಆಯಿಲ್ ನೋಡಿ, ಒರೆಸಿ ಇಡಬೇಕೆಂದು ಕೈಮುಗಿದು ಕೇಳುತ್ತೇನೆ. ಬರಹದಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಿಕೊಂಡು ಓದಬೇಕು. ನಮ್ಮ ಸಂಘ ಸುವರ್ಣ ಮಹೋತ್ಸವ ಕಾಣಲಿ, ಅಂದೂ ಈ ಇಂಜಿನ್ನು ಡುಗುಡುಗು ಎನ್ನುತ್ತಿರಲಿ.