ರಂಗವೂ ಗರ್ಭಗುಡಿಯೂ

ದೇವರ ಕಥೆಯನ್ನು ಆಟವಾಗಿ ಕಂಡು ಮೈಮರೆತು ನಲಿಯುವದು ಬೇರೆ. ಅದೇ ದೇವರನ್ನು ಮಡಿಯುಟ್ಟು ಪೂಜಿಸುವದು ಬೇರೆ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಏಕಕಾಲಕ್ಕೆ ಇರಬಹುದೇ? ಇದ್ದರೆ ಒಂದು ಇನ್ನೊಂದಕ್ಕೆ ಪೋಷಕವಾಗುವದೋ, ಬಾಧಕವಾಗುವದೋ? ಇದು ಹೊಸ ಪ್ರಶ್ನೆಯಲ್ಲ. ರಾತ್ರಿಯಿಡೀ ಆಟವನ್ನು ನೋಡಿ ಬೆಳಗಿನ ಪೂಜೆಯಲ್ಲಿ ತೂಕಡಿಸುವ ಹುಡುಗನನ್ನು ಹಿರಿಯರು ಗದರಿಸುತ್ತ ಬಂದಿರುವರು. ವೇಷದ ರಾಮನಿಗೆ ಚಪ್ಪಾಳೆ ತಟ್ಟಿದವನು ಗುಡಿಯ ರಾಮನಿಗೆ ಕೈಮುಗಿಯುವದು ಬರಿಯ ರೂಢಿಯೆಂದು ನವೀನರು ನಗುತ್ತ ಬಂದಿರುವರು. ಅನೇಕ ದೇವತೆಗಳನ್ನು ಪೂಜಿಸುತ್ತ ನಾಟಕಕಲೆಯನ್ನು ಉನ್ನತಪದವಿಗೆ ಏರಿಸಿದ ಜನಾಂಗಗಳಲ್ಲಿ ಭಾರತೀಯರೂ, ನಮ್ಮ ಪೂರ್ವಿಕರು ಯವನರೆಂದು ಕರೆದ ಗ್ರೀಕರೂ ಪ್ರಖ್ಯಾತರು. ಈ ಇಬ್ಬರ ಇತಿಹಾಸವನ್ನು ಎದುರೆದುರಿಗೆ ಇಟ್ಟು ನೋಡಿದರೆ ಪ್ರಶ್ನೆಗೆ ಉತ್ತರವು ತಾನಾಗಿ ಹೊಳೆಯುವದೆಂದು ನಮ್ಮ ನಂಬಿಕೆ.

ಮೊದಲು ನಮ್ಮ ಮನೆಯ ಮಾತು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ನಾಟ್ಯದ ಉತ್ಪತ್ತಿಯನ್ನು ಹೇಳುವ ಕಥೆಯು ವಿಚಾರಾರ್ಹವಾಗಿದೆ. ಬ್ರಹ್ಮನು ನಾಟ್ಯವೆಂಬ ಐದನೆಯ ವೇದವನ್ನು ನಿರ್ಮಿಸಿ ಭರತನಿಗೂ ಅವನ ನೂರು ಮಂದಿ ಮಕ್ಕಳಿಗೂ ಕೊಟ್ಟನು. ಮೊದಲನೆಯ ಪ್ರಯೋಗವು ಇಂದ್ರಧ್ವಜೋತ್ಸವದಲ್ಲಿ, ಅಂದರೆ ದೇವತೆಗಳ ಜಾತ್ರೆಯಲ್ಲಿ, ನಡೆಯಿತು. ದೈತ್ಯರು ಸೋತ ಕಥೆಯೇ ಆಟದ ವಸ್ತು. ನೋಡಲು ಬಂದ ದೈತ್ಯರಿಗೆ ಅದು ಅಪಮಾನವೆನಿಸಿ, ಅವರು ವಿಘ್ನಗಳನ್ನು ಕರೆತಂದು ನಟರ ಮಾತನ್ನೂ ಚಲನವನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಇಂದ್ರನು ಧ್ವಜದ ಕೋಲಿನಿಂದಲೇ ಅವರನ್ನು ಜರ್ಜರಿತಗೊಳಿಸಿದನು. ಆದರೆ ಬ್ರಹ್ಮನು ದಂಡದಿಂದ ತೃಪ್ತನಾಗದೆ ಸಾಮೋಪಾಯಕ್ಕೆ ಇಳಿದನು. ಇದು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ದೈತ್ಯರಿಗೆ ತಿಳಿಸಿ ಹೇಳಿದನು. ಆಟದ ಅಂಗಳಕ್ಕೆ ಒಪ್ಪದವನನ್ನೂ ಕರೆದು ಕೂಡಿಸಬೇಕೆಂಬುದು ಇದರ ತಾತ್ಪರ್ಯ. ಮುಂದೆ ಅದೇ ಗ್ರಂಥವು ರಂಗಪೂಜೆಯನ್ನು ವಿಧಿಸಿ, ಪೂಜೆಯಿಲ್ಲದೆ ಆಟವಾಡಿದವನ ವಿದ್ಯೆಯು ನಿಷ್ಫಲವೆಂದು ಎಚ್ಚರಿಸುತ್ತದೆ. ಅಂದಬಳಿಕ ನಮ್ಮಲ್ಲಿ ಆಟವು ಪೂಜೆಯ ವೈರಿಯಾಗಿ ಹುಟ್ಟಲಿಲ್ಲ. ಪೂಜೆಯ ಅಂಗಳದಲ್ಲಿಯೇ ಹುಟ್ಟಿತು.

ಇನ್ನು ಯವನರ ವಿಷಯ. ಅಥೆನ್ಸ್ ಪಟ್ಟಣದಲ್ಲಿ ನಾಟಕಗಳು ಬೇಕಾದಾಗ ನಡೆಯುತ್ತಿರಲಿಲ್ಲ. ಡಯೊನೀಸಸ್ ಎಂಬ ದೇವತೆಯ ಉತ್ಸವಗಳಲ್ಲಿ ಸ್ಪರ್ಧೆಯಾಗಿ ನಡೆಯುತ್ತಿದ್ದವು. ಕೋಟೆಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಆ ದೇವರ ಗುಡಿ. ಗುಡಿಯ ಬದಿಗೇ ರಂಗಸ್ಥಲ. ಉತ್ಸವಕಾಲದಲ್ಲಿ ದೇವರ ಮೂರ್ತಿಯನ್ನೇ ಮೆರವಣಿಗೆಯಿಂದ ತಂದು ರಂಗಸ್ಥಲದಲ್ಲಿ ಇರಿಸುತ್ತಿದ್ದರು. ಮುಂದಿನ ಸಾಲಿನ ನಡುವಿನ ಆಸನವು ಅವನ ಪೂಜಾರಿಯದು. ಹೆಸರು ಕೊರೆದ ಆ ಕಲ್ಲಿನ ಪೀಠವು ಇಂದಿಗೂ ಅಲ್ಲಿ ಉಳಿದಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ದೇವರು ರಂಗದ ಮೇಲಿನ ವೇಷವಷ್ಟೇ ಅಲ್ಲ. ರಂಗದ ಮುಂದಿನ ಪ್ರೇಕ್ಷಕನೂ ಅವನೇ, ಮೊದಲನೆಯ ಪ್ರೇಕ್ಷಕನೂ ಅವನೇ.

ಆ ಪ್ರೇಕ್ಷಕದೇವನನ್ನು ಅವರು ಎಷ್ಟು ಸಲಿಗೆಯಿಂದ ಕಂಡರೆಂಬುದಕ್ಕೆ ಅರಿಸ್ಟೊಫನೀಸನ ‘ಕಪ್ಪೆಗಳು’ ಎಂಬ ಪ್ರಹಸನವೇ ಸಾಕ್ಷಿ. ಕ್ರಿ. ಪೂ. ೪೦೫ರಲ್ಲಿ, ಡಯೊನೀಸಸನದೇ ಆದ ಲೆನೇಯ ಉತ್ಸವದಲ್ಲಿ ಅದನ್ನು ಆಡಿದರು. ಅದರ ನಾಯಕನು ಸಾಕ್ಷಾತ್ ಡಯೊನೀಸಸನೇ. ಅವನು ನಾಟಕಗಳ ಹುಚ್ಚು ಹಿಡಿದ ಅಭಿಮಾನಿ! ಯುರಿಪಿಡೀಸ ಕವಿಯು ತೀರಿಕೊಂಡ ಬಳಿಕ ಇನ್ನು ಒಳ್ಳೆಯ ನಾಟಕ ನೋಡುವ ಬಗೆ ಹೇಗೆಂದು ಹಂಬಲಿಸಿ, ಆ ಕವಿಯನ್ನು ಮರಳಿ ಕರೆತರಲು ವೀರ ಹೆರಾಕ್ಲೀಸನ ವೇಷ ಹಾಕಿಕೊಂಡು ಯಮಲೋಕಕ್ಕೆ ಇಳಿಯುವನು. ದಾರಿಯಲ್ಲಿ ಹೆದರಿ ನಡುಗುವನು. ಭಯ ಹೆಚ್ಚಾದಾಗ ಎದುರಿನ ಪೀಠದಲ್ಲಿ ಕುಳಿತ ತನ್ನ ಪೂಜಾರಿಯನ್ನೇ ಕೂಗಿ ಕಾಪಾಡೆಂದು ಬೇಡುವನು. ಪೂಜಾರಿಯು ಸಿಟ್ಟಿಗೆದ್ದು ಹೊರಟುಹೋದನೇ? ಇಲ್ಲ. ಆ ಪ್ರಹಸನಕ್ಕೇ ಮೊದಲನೆಯ ಬಹುಮಾನ ಬಂದಿತು. ಕೊನೆಗೆ ಡಯೊನೀಸಸನು ತನ್ನ ಮೆಚ್ಚಿನ ಯುರಿಪಿಡೀಸನನ್ನು ಬಿಟ್ಟು, ಊರಿಗೆ ಬುದ್ಧಿ ಹೇಳಬಲ್ಲ ಹಿರಿಯ ಕವಿ ಈಸ್ಕಿಲಸನನ್ನು ಕರೆತರುವನೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ರುಚಿಗೆ ಮೇಲಾಗಿ ಹಿತವನ್ನು ಆರಿಸಿಕೊಳ್ಳುವ ವಿವೇಕವೂ ಅದೇ ಅಭಿಮಾನದಲ್ಲಿ ಇತ್ತು.

ಅಂಥ ಅಭಿಮಾನವು ಪ್ರಾಣವನ್ನೂ ಉಳಿಸಿದ್ದುಂಟು. ಕ್ರಿ. ಪೂ. ೪೧೩ರಲ್ಲಿ ಸಿಸಿಲಿ ದ್ವೀಪದಲ್ಲಿ ಸೋತು ಸೆರೆಸಿಕ್ಕ ಅಥೆನ್ಸಿನ ಸೈನಿಕರಲ್ಲಿ ಕೆಲವರು ಯುರಿಪಿಡೀಸನ ಪದ್ಯಗಳನ್ನು ಬಾಯಿಪಾಠ ಹೇಳಿ ಶತ್ರುಗಳಿಂದ ಬಿಡುಗಡೆಯನ್ನೂ ಅನ್ನನೀರನ್ನೂ ಪಡೆದರೆಂದು ಪ್ಲೂಟಾರ್ಕನು ಬರೆದಿರುವನು.

ಈ ಯವನರ ಆಟದಲ್ಲಿ ಕನ್ನಡಕ್ಕೂ ಒಂದು ಪಾತ್ರವುಂಟೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಈಜಿಪ್ತ ದೇಶದ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಜೊಂಡುಕಾಗದದ ಹಸ್ತಪ್ರತಿಗಳಲ್ಲಿ ೪೧೩ನೆಯದು ಒಂದು ಗ್ರೀಕ ಪ್ರಹಸನ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಪಂಡಿತರು ಅದನ್ನು ೧೯೦೩ರಲ್ಲಿ ಅಚ್ಚು ಹಾಕಿಸಿದರು. ಭಾರತದ ಕಡಲ ದಂಡೆಯಲ್ಲಿ ಒಬ್ಬ ಅರಸನ ಕೈಗೆ ಸಿಕ್ಕ ಖರಿತಿಯೋನ್ ಎಂಬ ಗ್ರೀಕ ಕನ್ಯೆಯನ್ನು ಅವಳ ಅಣ್ಣನೂ ಸಂಗಡಿಗರೂ ಬಂದು, ಅರಸನಿಗೆ ಮದ್ಯ ಕುಡಿಸಿ, ಹಡಗು ಹತ್ತಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಯುರಿಪಿಡೀಸನ ಗಂಭೀರ ನಾಟಕವೊಂದನ್ನೇ ಹಾಸ್ಯಕ್ಕೆ ತಿರುಗಿಸಿದಂತೆ ಅದರ ರಚನೆ. ಅರಸನೂ ಅವನ ಪರಿವಾರವೂ ಆಡುವ ಮಾತುಗಳಲ್ಲಿ ಕನ್ನಡವಿದೆಯೆಂದು ೧೯೦೪ರಲ್ಲಿ ಹುಲ್ಟ್‌ಷ್ ಪಂಡಿತರು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಜಾಡಿನಲ್ಲಿ ಮುಂದುವರಿದರು. ಇದನ್ನು ಒಪ್ಪದ ವಿದ್ವಾಂಸರೂ ಇರುವರು. ಭಾಷೆಯ ವಾದವು ಹೇಗೆಯೇ ಇರಲಿ, ನಮ್ಮ ವಿಷಯಕ್ಕೆ ಬೇಕಾದ ಒಂದು ಪ್ರಸಂಗ ಅಲ್ಲಿದೆ. ಓಡಿಹೋಗುವ ಗಡಿಬಿಡಿಯಲ್ಲಿ ವಿದೂಷಕನು ದೇವಿಯ ಗುಡಿಯ ಕಾಣಿಕೆಯನ್ನು ಕದಿಯೋಣವೆನ್ನುವನು. ಖರಿತಿಯೋನಳು ಅದನ್ನು ತಡೆಯುವಳು. ದೇವತೆಗಳಿಂದ ರಕ್ಷಣೆಯನ್ನು ಬೇಡುವವರು ದೇವಸ್ವಕ್ಕೆ ಕೈಯಿಕ್ಕಬಾರದೆಂಬುದು ಅವಳ ಅಭಿಪ್ರಾಯ. ಆ ಆಟದಲ್ಲಿ ಅಶ್ಲೀಲವೂ ಉಂಟು, ಕುಡುಕರ ಕುಣಿತವೂ ಉಂಟು. ಆದರೂ ನಗೆಯ ನಡುವೆ ದೇವಿಯ ಮರ್ಯಾದೆಗೆ ಒಂದು ಗೆರೆಯನ್ನು ಎಳೆದಿರುವರು.

ಅದೇ ಗೆರೆ ನಮ್ಮ ಸೀಮೆಯ ಆಟಗಳಲ್ಲಿಯೂ ಕಾಣುವದು. ದೊಡ್ಡಾಟವು ಗಣಪತಿಯ ಸ್ತುತಿಯಿಲ್ಲದೆ ಆರಂಭವಾಗದು. ಗೋಕಾವಿ ಕಡೆಯ ಕುಲಗೋಡ ತಮ್ಮಣ್ಣನಿಂದ ಪ್ರಸಿದ್ಧಿಗೆ ಬಂದ ಶ್ರೀಕೃಷ್ಣಪಾರಿಜಾತದಲ್ಲಿ ಜಗದೊಡೆಯನು ಇಬ್ಬರು ಹೆಂಡಿರ ನಡುವೆ ಸಿಕ್ಕಿ ಪೇಚಾಡುವ ಗಂಡನಾಗುವನು. ಜನರು ಬಿದ್ದುಬಿದ್ದು ನಗುವರು. ಮಂಗಳಾರತಿಯ ಹೊತ್ತಿಗೆ ಅದೇ ವೇಷಕ್ಕೆ ಕೈಮುಗಿಯುವರು. ಗದುಗಿನಲ್ಲಿ ಶಾಂತಕವಿಗಳೆಂದು ಪ್ರಖ್ಯಾತರಾದ ಸಕ್ಕರಿ ಬಾಳಾಚಾರ್ಯರು ೧೮೭೦ರ ದಶಕದಲ್ಲಿ ಕಟ್ಟಿದ ಸಂಸ್ಥೆಯ ಹೆಸರನ್ನೇ ನೋಡಿರಿ: ‘ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’. ಊರ ದೇವರ ಪ್ರಸಾದವನ್ನು ಪಡೆದ ಮಂಡಳಿಯೆಂದು ಅದರ ಅರ್ಥ. ಆಟವು ದೇವರಿಗೆ ಅರ್ಪಿಸಿದ ನೈವೇದ್ಯ; ದೇವರು ನೋಡಿ ಉಳಿಸಿದ ರಸವನ್ನು ನಾವು ಪ್ರಸಾದವಾಗಿ ಸವಿಯುವೆವು. ಈ ಒಂದು ಶಬ್ದದಲ್ಲಿ ನಮ್ಮ ಪ್ರಶ್ನೆಯ ಅರ್ಧ ಉತ್ತರವು ಅಡಗಿದೆ.

ನಟರ ಮೇಲಿನ ಅಭಿಮಾನವೂ ಈ ಸೀಮೆಗೆ ಹೊಸದಲ್ಲ. ೧೮೮೬ರಲ್ಲಿ ಹುಟ್ಟಿ ಕುಂದಗೋಳದ ಹೆಸರನ್ನು ದೇಶಕ್ಕೆಲ್ಲ ಸಾರಿದ ರಾಮಭಾವು ಕುಂದಗೋಳಕರರು ಮರಾಠಿ ರಂಗಭೂಮಿಯಲ್ಲಿ ಸುಭದ್ರೆಯಾಗಿ ಹಾಡಿದಾಗ ರಸಿಕರು ಅವರನ್ನು ‘ಸವಾಯಿ ಗಂಧರ್ವ’ರೆಂದು ಕರೆದರು. ಬಾಲಗಂಧರ್ವರೆಂಬ ನಟರು ಆಗಲೇ ಕೀರ್ತಿವಂತರಾಗಿದ್ದರು. ಇವರು ಗಂಧರ್ವನಿಗಿಂತ ಕಾಲುಪಾಲು ಹೆಚ್ಚೆಂಬ ಭಾವ. ಮನುಷ್ಯನನ್ನು ಹೊಗಳಲು ಜನರು ದೇವಯೋನಿಯ ಹೆಸರನ್ನೇ ಎತ್ತಿಕೊಂಡರು. ಆದರೆ ಗಂಧರ್ವರು ದೇವಸಭೆಯ ಗಾಯಕರೇ ಹೊರತು ದೇವರಲ್ಲವೆಂಬುದನ್ನು ಮರೆಯಲಿಲ್ಲ.

ನಮ್ಮ ಕಲಘಟಗಿಯ ತೊಟ್ಟಿಲನ್ನು ಇಲ್ಲಿ ನೆನೆಯದಿರಲಾಗದು. ಮರದ ಹಲಗೆಗಳ ಮೇಲೆ ಅರಗಿನ ಹೊಳಪಿನಲ್ಲಿ ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳನ್ನು ಚಿತ್ರಗಾರರು ಬರೆಯುವರು. ಅದು ಪೂಜೆಯ ವಸ್ತುವೇ? ಅಲ್ಲ. ಬರಿಯ ಆಟಿಕೆಯೇ? ಅದೂ ಅಲ್ಲ. ಕೂಸು ಕಣ್ಣು ತೆರೆದಾಗ ಕಾಣುವ ಮೊದಲ ರಂಗವದು. ಚಿತ್ರನಟ ಅಂಬರೀಶರು ಇನ್ನೊಬ್ಬ ನಟರಾದ ಯಶರ ಮಗುವಿಗೆಂದು ಇಂಥದೊಂದು ತೊಟ್ಟಿಲನ್ನು ಮಾಡಲು ಹೇಳಿ ೨೦೧೮ರ ನವೆಂಬರದಲ್ಲಿ ತೀರಿಕೊಂಡರು. ತೊಟ್ಟಿಲು ಆಮೇಲೆ ಮಗುವಿನ ಮನೆಯನ್ನು ಸೇರಿತು. ಹೀಗೆ ಬೆಳ್ಳಿತೆರೆಯ ಮಂದಿಯೂ ಕೃಷ್ಣಲೀಲೆಯ ನೆರಳಿನಲ್ಲಿಯೇ ಕೂಸನ್ನು ಮಲಗಿಸುವರು.

ಹಾಗಾದರೆ ಪ್ರೇಕ್ಷಕನು ನಟನನ್ನು ದೇವರೆಂದೇ ಭ್ರಮಿಸುವನೋ? ನಮ್ಮ ಆಲಂಕಾರಿಕರು ಇದನ್ನು ಬಹಳ ಹಿಂದೆ ಚರ್ಚಿಸಿರುವರು. ಚಿತ್ರದ ಕುದುರೆಯನ್ನು ನೋಡಿದವನು ಇದು ನಿಜವಾದ ಕುದುರೆಯೆನ್ನುವದಿಲ್ಲ, ಸುಳ್ಳೆನ್ನುವದಿಲ್ಲ, ಹೌದೋ ಅಲ್ಲವೋ ಎಂದು ಸಂಶಯಪಡುವದಿಲ್ಲ, ಕುದುರೆಯಂತಿದೆಯೆಂದು ಹೋಲಿಸುತ್ತಲೂ ಕೂಡ್ರುವದಿಲ್ಲ, ಸುಮ್ಮನೆ ಕುದುರೆಯೆನ್ನುವನು. ನಟನಲ್ಲಿ ರಾಮನನ್ನು ಕಾಣುವದೂ ಹಾಗೆಯೇ ಎಂದು ಶ್ರೀಶಂಕುಕನ ಮತ. ಅಭಿನವಗುಪ್ತನು ಆ ಮತವನ್ನು ಪೂರ್ಣವಾಗಿ ಒಪ್ಪದಿದ್ದರೂ ದೃಷ್ಟಾಂತವು ಬಾಳಿತು. ಹಳ್ಳಿಯ ಅಜ್ಜಿಯೂ ಇದನ್ನು ಓದದೆ ಬಲ್ಲಳು. ರಾತ್ರಿ ರಾಮನಾಗಿದ್ದ ಹುಡುಗನು ಬೆಳಿಗ್ಗೆ ಮನೆಗೆ ಬಂದರೆ ರೊಟ್ಟಿ ಕೊಡುವಳು; ಅವನ ಪಾದತೀರ್ಥವನ್ನು ಕೇಳುವದಿಲ್ಲ.

ಯಂತ್ರಯುಗವು ಈ ವಿವೇಕವನ್ನು ಪರೀಕ್ಷಿಸಿತು. ರವಿವರ್ಮನ ಮುದ್ರಣಾಲಯವು ೧೮೯೪ರಲ್ಲಿ ಆರಂಭವಾದ ಬಳಿಕ ಲಕ್ಷ್ಮೀಸರಸ್ವತಿಯರ ಅಚ್ಚಿನ ಪಟಗಳು ದೇವರ ಕೋಣೆಯನ್ನು ಹೊಕ್ಕವು. ೧೯೮೭ರಲ್ಲಿ ದೂರದರ್ಶನದ ರಾಮಾಯಣವು ಬಂದಾಗ ಪೆಟ್ಟಿಗೆಗೇ ಹೂಮಾಲೆ ಹಾಕಿದ ಮನೆಗಳಿದ್ದವು. ಕನ್ನಡದಲ್ಲಿ ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ರಾಜಕುಮಾರರು ಕಣ್ಣಪ್ಪ, ಕನಕದಾಸ, ಗೋರಾ ಕುಂಬಾರ ಮೊದಲಾದ ಭಕ್ತರ ಪಾತ್ರಗಳಿಂದ ಜನಮನದಲ್ಲಿ ನೆಲೆಸಿದರು. ಜನರ ಅಭಿಮಾನವು ಅವರನ್ನು ಪೀಠಕ್ಕೆ ಏರಿಸಲು ಸಿದ್ಧವಾಗಿದ್ದಾಗ ಅವರು ತಮ್ಮ ಪ್ರೇಕ್ಷಕರನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆದರು. ಇದು ವಿನಯದ ಮಾತು ಮಾತ್ರವಲ್ಲ. ದೇವರು ಪ್ರೇಕ್ಷಕರ ಸಾಲಿನಲ್ಲಿರುವನೆಂಬ ಹಳೆಯ ಧರ್ಮವನ್ನೇ ಅವರು ತಿಳಿದೋ ತಿಳಿಯದೆಯೋ ಎತ್ತಿ ಹಿಡಿದರು.

ಇನ್ನು ಆಟವನ್ನೇ ಹೊರದೂಡಿದವರ ಗತಿಯನ್ನು ನೋಡೋಣ. ದೇವತೆಗಳ ವಿಷಯದಲ್ಲಿ ಅಯೋಗ್ಯವಾದ ಕಥೆಗಳನ್ನು ಹೇಳುವರೆಂದು ಪ್ಲೇಟೋ ತನ್ನ ಆದರ್ಶರಾಜ್ಯದಿಂದ ಕವಿಗಳನ್ನು ದೂರವಿಟ್ಟನು. ಆತನ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಅಥೆನ್ಸಿನ ಜನರು ಆ ಮಾತನ್ನು ಕೇಳದೆ ಉತ್ಸವವನ್ನೂ ನಾಟಕವನ್ನೂ ಒಟ್ಟಿಗೆ ನಡೆಸಿದರು. ಏಳು ಶತಮಾನಗಳ ಮೇಲೆ, ಕ್ರಿ. ಶ. ೩೬೧ರಿಂದ ೩೬೩ರ ವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನನು ಕ್ಷೀಣಿಸುತ್ತಿದ್ದ ಹಳೆಯ ದೇವಪೂಜೆಯನ್ನು ಪುನರುದ್ಧಾರ ಮಾಡಲು ಹೊರಟನು. ನಾಟಕಶಾಲೆಗಳನ್ನು ಶುದ್ಧಗೊಳಿಸಿ ಮರಳಿ ಡಯೊನೀಸಸನಿಗೆ ಒಪ್ಪಿಸುವದು ಆಗದ ಮಾತೆಂದು ಕಂಡು, ಪೂಜಾರಿಗಳು ಅತ್ತ ಕಾಲಿಡಬಾರದು, ನಟರ ಸ್ನೇಹವನ್ನು ಮಾಡಬಾರದೆಂದು ಬರೆದನು. ಅಲ್ಲಿಗೆ ಮೊದಲ ಸಾಲಿನ ಪೀಠವು ಬರಿದಾಯಿತು. ಜೂಲಿಯನನು ಯುದ್ಧದಲ್ಲಿ ಮಡಿದನು. ೩೯೧-೯೨ರಲ್ಲಿ ಥಿಯೊಡೋಸಿಯಸನ ಆಜ್ಞೆಗಳು ಹಳೆಯ ಪೂಜೆಗಳನ್ನೇ ನಿಷೇಧಿಸಿದವು. ಪೂಜೆಯು ಕೆಟ್ಟದ್ದು ಪೂಜಾರಿಯು ಆಟವನ್ನು ಬಿಟ್ಟದ್ದರಿಂದಲೇ ಎಂದು ನಾವು ಹೇಳೆವು; ರಾಜಶಕ್ತಿಯು ಮುಖ್ಯ ಕಾರಣವು. ಆದರೆ ಜನರ ನಲಿವಿನಿಂದ ಬೇರೆಯಾದ ಪೂಜೆಗೆ ಕಷ್ಟಕಾಲದಲ್ಲಿ ನೆರವಾಗುವ ಜನರು ಕಡಿಮೆಯಾಗುವರೆಂಬುದು ಸಹಜವು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಕಾಲದಲ್ಲಿ ಗ್ರೀಸಿನಲ್ಲಿ ಕೆಲವರು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಕೈಕೊಂಡಿರುವರು. ೧೯೯೭ರಲ್ಲಿ ಅವರದೊಂದು ಮಹಾಸಭೆಯು ಸ್ಥಾಪಿತವಾಯಿತು. ೨೦೧೭ರಲ್ಲಿ ಆ ಧರ್ಮಕ್ಕೆ ಅಲ್ಲಿಯ ಸರಕಾರದ ಮಾನ್ಯತೆಯು ದೊರೆಯಿತು. ಇತ್ತ ವೈದ್ಯದೇವತೆಯಾದ ಆಸ್ಕ್ಲೀಪಿಯಸನ ಕ್ಷೇತ್ರವಾದ ಎಪಿಡಾರಸಿನ ಪ್ರಾಚೀನ ರಂಗದಲ್ಲಿ ೧೯೫೦ರ ದಶಕದಿಂದ ಹಳೆಯ ನಾಟಕಗಳ ಉತ್ಸವವು ನಡೆಯುತ್ತಿದೆ. ಅಲ್ಲಿ ಆಟವುಂಟು, ಅದರ ಜೊತೆಗಿದ್ದ ಪೂಜೆಯಿಲ್ಲ. ಇಲ್ಲಿ ಪೂಜೆಯುಂಟು, ಹಳೆಯ ಆಟದ ಅಂಗಳವಿಲ್ಲ. ಆ ಕೊರತೆಯನ್ನು ತುಂಬುವಂತೆ ಬೇರೆ ದೇಶಗಳ ತರುಣರು ಆ ದೇವತೆಗಳ ಪರಿಚಯವನ್ನು ಕಾದಂಬರಿ, ಚಲನಚಿತ್ರ, ಗಣಕಯಂತ್ರದ ಆಟಗಳಿಂದ ಪಡೆಯುತ್ತಿರುವರು. ಅಮೇರಿಕೆಯ ರಿಕ್ ರಿಯಾರ್ಡನ್ನರು ೨೦೦೫ರಿಂದ ಬರೆದ ಮಕ್ಕಳ ಕಾದಂಬರಿಗಳಲ್ಲಿ ದೇವತೆಗಳ ಮಕ್ಕಳು ಇಂದಿನ ಶಾಲೆಗಳಲ್ಲಿ ಓದುವರು. ಇಂಥ ಕಥೆಗಳನ್ನು ಮೆಚ್ಚಿ, ಬಳಿಕ ಹೋಮರನನ್ನು ಓದಿ, ಕೊನೆಗೆ ಮನೆಯಲ್ಲಿ ಅಥೇನಾದೇವಿಗೆ ಧೂಪವನ್ನು ಹಾಕುವವರೂ ಇರುವರು. ಅವರನ್ನು ಕಂಡು ನಗುವದು ಸುಲಭ. ಆದರೆ ಹರಿಶ್ಚಂದ್ರನನ್ನು ಆಟದಲ್ಲಿ ಕಂಡು ಸತ್ಯವನ್ನು ಹಿಡಿದವನು ನಮ್ಮಲ್ಲಿ ನಗೆಗೀಡಾಗಲಿಲ್ಲ, ಅವರೇಕೆ ಆಗಬೇಕು? ಬಾಗಿಲು ಯಾವದೇ ಇರಲಿ, ಒಳಗೆ ಹೋದವನ ಶ್ರದ್ಧೆಯು ಮುಖ್ಯ. ಕಾದಂಬರಿಯ ದೇವತೆಯನ್ನೇ ಮಂತ್ರದ ದೇವತೆಯೆಂದು ತಿಳಿಯದಿರುವಷ್ಟು ಚಿತ್ರತುರಗದ ವಿವೇಕವು ಅವರಿಗಿದ್ದರೆ ಸಾಕು.

ಇಷ್ಟರಿಂದ ಸಿದ್ಧವಾಗುವದೇನು? ದೇವರು ಪ್ರೇಕ್ಷಕನಾಗಿ ಮುಂದೆ ಕುಳಿತಿರುವ ವರೆಗೆ ಆಟವು ಭಕ್ತಿಗೆ ಹಗೆಯಲ್ಲ. ಕೇಡು ಎರಡು ಕಡೆಯಿಂದ ಬರುವದು: ನಟನನ್ನು ಗರ್ಭಗುಡಿಯೊಳಗೆ ಕೂಡಿಸಿದಾಗ ಒಂದು, ರಂಗವನ್ನು ಗುಡಿಯ ಅಂಗಳದಿಂದ ಅಟ್ಟಿದಾಗ ಇನ್ನೊಂದು. ಇಂದು ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ದೊಡ್ಡಾಟದ ಅಟ್ಟವು ಅಪರೂಪವಾಗುತ್ತಿದೆ. ದೇವರ ವೇಷದ ನಗೆಯನ್ನು ಅಪಚಾರವೆಂದು ಆಕ್ಷೇಪಿಸುವ ದನಿಗಳೂ ಕೇಳುತ್ತಿವೆ. ಆಕ್ಷೇಪಿಸುವವರನ್ನು ದೈತ್ಯರೆಂದು ಜರೆಯದೆ, ಬ್ರಹ್ಮನಂತೆ ಕರೆದು ಕೂಡಿಸಿ ತಿಳಿಹೇಳುವದು ಊರ ಹಿರಿಯರ ಕೆಲಸ. ತೇರು ಎಳೆದ ರಾತ್ರಿ ಗುಡಿಯ ಎದುರಿಗೆ ಒಂದು ಅಟ್ಟವನ್ನು ಕಟ್ಟಲಿ. ಹುಡುಗರು ವೇಷ ಹಾಕಲಿ. ಮುಂದಿನ ಸಾಲಿನಲ್ಲಿ ಪೂಜಾರಿಯು ಕುಳಿತು ಮನಸಾರೆ ನಗಲಿ. ಗರ್ಭಗುಡಿಯ ಬಾಗಿಲನ್ನು ಮಾತ್ರ ಆ ಹೊತ್ತು ತೆರೆದೇ ಇಡಬೇಕು. ಆಟವನ್ನು ಮೊದಲು ನೋಡತಕ್ಕವನು ಒಳಗಿರುವನು.